ಶೀಟಾ, ಮೋಲ್ಡಾ?

ಕಳೆದ ತಿಂಗಳು ಆಫೀಸಿನ ಸಿಎಸ್‌ಆರ್ ತಂಡದ ಜೊತೆ ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಹಳೇ ಕಟ್ಟಡ ಶಿಥಿಲವಾಗಿದೆ ಅಂತ ಬೀಗ ಹಾಕಿದ್ದಾರೆ. ಮಕ್ಕಳು ಪಕ್ಕದ ಶೀಟಿನ ಶೆಡ್ಡಿನಲ್ಲಿ ಕೂತಿದ್ದಾರೆ. ನಮ್ಮ ಕಂಪನಿ ಮೂರು ಹೊಸ ಕೊಠಡಿ ಕಟ್ಟಿಸಿಕೊಡಬೇಕು, ಅದಕ್ಕೊಂದು ಸಮಿತಿ, ಆ ಸಮಿತಿಯಲ್ಲಿ ನಾನೂ ಒಬ್ಬಳು. ನಮ್ಮವರು ಲ್ಯಾಪ್‌ಟಾಪ್ ತೆಗೆದು ಇಪ್ಪತ್ತೆರಡು ಸ್ಲೈಡುಗಳ 'ಸಸ್ಟೈನಬಿಲಿಟಿ ಪ್ಲಾನ್' ತೋರಿಸಿದರು. ಸೋಲಾರ್ ಪ್ಯಾನೆಲ್, ಮಳೆನೀರು ಕೊಯ್ಲು, ಕೈತೋಟ, ಕೊನೆಗೆ ಗೋಡೆ ಮೇಲೆ ಬರೆಸಬೇಕಾದ ನಗುವ ಭೂಮಿಯ ಚಿತ್ರ. ಹೆಡ್ ಮೇಡಂ ಎಲ್ಲವನ್ನೂ ತಾಳ್ಮೆಯಿಂದ ನೋಡಿದರು. ಆಮೇಲೆ ಕೇಳಿದ್ದು ಒಂದೇ: "ಎಲ್ಲ ಸರಿ ಮೇಡಂ, ಮೇಲಕ್ಕೆ ಶೀಟ್ ಹಾಕ್ತೀರೋ, ಮೋಲ್ಡ್ ಹಾಕ್ತೀರೋ?"

ಇಪ್ಪತ್ತೆರಡು ಸ್ಲೈಡಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಆದರೆ ಮೂರನೇ ಸ್ಲೈಡಿನಲ್ಲಿ 'ಸ್ಫೂರ್ತಿ' ಅನ್ನೋ ತಲೆಬರಹದ ಕೆಳಗೆ ಒಂದು ಫೋಟೊ ಇತ್ತು. ಕೆಂಪು ನೆಲ, ಕೆಂಪು ಗೋಡೆ, ಅದರ ಮೇಲೆ ಗಾಳಿಯಲ್ಲಿ ತೇಲುತ್ತಿರುವಂಥ ಒಂದು ತಗಡಿನ ಚಾವಣಿ. ಯಾವ ಊರು, ಯಾರು ಕಟ್ಟಿದ್ದು ಅಂತ ಏನೂ ಬರೆದಿರಲಿಲ್ಲ. ನನಗೆ ಗುರುತು ಸಿಕ್ತು. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೋ ದೇಶದ ಗಾಂಡೋ ಅನ್ನೋ ಹಳ್ಳಿಯ ಪ್ರಾಥಮಿಕ ಶಾಲೆ ಅದು. ಕಟ್ಟಡದ ಬಗ್ಗೆ ಮಾತಾಡುವವರೆಲ್ಲ ಹೊಗಳುವ, ಆದರೆ ಯಾಕೆ ಹೊಗಳಬೇಕು ಅನ್ನೋದನ್ನ ಬಹಳ ಜನ ಅರ್ಧಕ್ಕೇ ಬಿಡುವ ಕಟ್ಟಡ. ನಾನು ಗಾಂಡೋಗೆ ಹೋಗಿಲ್ಲ. ನಕ್ಷೆ, ಫೋಟೊ, ಕಟ್ಟಿದವನ ಮಾತು, ಇಷ್ಟರಿಂದಲೇ ಬರೀತಿದ್ದೀನಿ.

ಕಟ್ಟಿದವನ ಹೆಸರು ಡಿಯೆಬೆಡೊ ಫ್ರಾನ್ಸಿಸ್ ಕೆರೆ. ಹೌದು, ಕೆರೆ. ನಾವು ಮುಚ್ಚಿ ಲೇಔಟ್ ಮಾಡ್ತೀವಲ್ಲ, ಹಾಗೇ ಕೇಳಿಸುತ್ತೆ. 1965ರಲ್ಲಿ ಗಾಂಡೋದಲ್ಲೇ ಹುಟ್ಟಿದವನು, ಊರ ಮುಖ್ಯಸ್ಥನ ಹಿರಿಮಗ. ಊರಲ್ಲಿ ಶಾಲೆ ಇಲ್ಲದ್ದಕ್ಕೆ ಏಳನೇ ವಯಸ್ಸಿಗೇ ಮನೆ ಬಿಟ್ಟು ತೆಂಕೊಡೊಗೋ ಪಟ್ಟಣಕ್ಕೆ ಓದಲು ಹೋದ. ಒಂದೇ ಕ್ಲಾಸಿನಲ್ಲಿ ನೂರಕ್ಕೂ ಹೆಚ್ಚು ಮಕ್ಕಳು, ಒಳಗೆ ಬೇಯುವ ಸೆಕೆ, ಸರಿಯಾಗಿ ಬೆಳಕಿಲ್ಲ. 1985ರಲ್ಲಿ ಮರಗೆಲಸ ಕಲಿಯೋದಕ್ಕೆ ಸ್ಕಾಲರ್‌ಶಿಪ್ ಸಿಕ್ಕಿ ಜರ್ಮನಿಗೆ ಹೋದ, ಆಮೇಲೆ ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಓದಿದ. ಡಿಗ್ರಿ ಮುಗಿಸುವ ಮೊದಲೇ, 1998ರಲ್ಲಿ, ಊರಿಗೊಂದು ಶಾಲೆ ಕಟ್ಟಲು ಸ್ನೇಹಿತರ ಜೊತೆ ಸಂಸ್ಥೆ ಮಾಡಿ ದುಡ್ಡು ಎತ್ತಿದ. 2001ರಲ್ಲಿ ಶಾಲೆ ಮುಗೀತು. ಮೂರು ಕೊಠಡಿ, ಖರ್ಚು ಸುಮಾರು ಮೂವತ್ತು ಸಾವಿರ ಡಾಲರ್. 2004ರಲ್ಲಿ ಅದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. 2022ರಲ್ಲಿ ಕೆರೆಗೆ ಪ್ರಿಟ್ಜ್‌ಕರ್ ಸಿಕ್ಕಿತು, ಆಫ್ರಿಕಾದವರೊಬ್ಬರಿಗೆ ಅದು ಸಿಕ್ಕಿದ್ದು ಮೊದಲ ಸಲ.

ಈಗ ಕಟ್ಟಡಕ್ಕೆ ಬರೋಣ. ಮೂರು ಕೊಠಡಿಗಳು ಒಂದೇ ಸಾಲಿನಲ್ಲಿವೆ, ನಡುವೆ ನೆರಳಿರುವ ತೆರೆದ ಜಾಗ. ಗೋಡೆಗೆ ಅಲ್ಲಿನ ಮಣ್ಣನ್ನೇ, ಸ್ವಲ್ಪ ಸಿಮೆಂಟ್ ಬೆರೆಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ ತೆಗೆದ ಇಟ್ಟಿಗೆ. ಕೊಠಡಿಯ ಮೇಲೆ ಅದೇ ಇಟ್ಟಿಗೆಯ ಒಂದು ಒಳಚಾವಣಿ, ಅದರಲ್ಲಿ ಬೇಕಂತಲೇ ಬಿಟ್ಟ ಸಂದುಗಳು. ಅದಕ್ಕೂ ಮೇಲೆ, ತಗಲದ ಹಾಗೆ ಎತ್ತರಿಸಿ ನಿಲ್ಲಿಸಿದ ತಗಡಿನ ಶೀಟು. ಗೋಡೆಗಿಂತ ಸಾಕಷ್ಟು ಆಚೆಗೆ ಚಾಚಿಕೊಂಡಿದೆ. ಒಳಗಿನ ಬಿಸಿಗಾಳಿ ಸಂದುಗಳಿಂದ ಮೇಲೇರುತ್ತೆ, ಶೀಟು ಮತ್ತು ಒಳಚಾವಣಿಯ ನಡುವೆ ಹಾಯುವ ಗಾಳಿ ಅದನ್ನ ಹೊತ್ತುಕೊಂಡು ಹೋಗುತ್ತೆ. ಶೀಟಿನ ಕಾವು ಮಕ್ಕಳ ತಲೆಗೆ ತಲುಪಲ್ಲ. ಚಾಚಿದ ಅಂಚಿನಿಂದಾಗಿ ಮಳೆ ಗೋಡೆಗೆ ಬಡಿಯಲ್ಲ. ಫ್ಯಾನಿಲ್ಲ, ಎಸಿ ಇಲ್ಲ, ಆಗ ಆ ಊರಿಗೆ ಕರೆಂಟೇ ಇರಲಿಲ್ಲ.

ನನಗೆ ಇಲ್ಲಿ ಇಷ್ಟವಾಗೋದು ತಗಡು. ಆ ದೇಶದಲ್ಲಿ ಶಾಲೆಗಳನ್ನು ಒಲೆ ಮಾಡುವುದೇ ಆ ತಗಡು. ಪರಿಸರಪ್ರೇಮಿ ಆರ್ಕಿಟೆಕ್ಟ್ ಒಬ್ಬರಿಗೆ ಕೊಟ್ಟಿದ್ದರೆ ಮೊದಲು ಅದನ್ನೇ ಕಿತ್ತು ಹುಲ್ಲು ಹೊದಿಸಿರೋರು, ಫೋಟೊ ಇನ್ನೂ ಚೆನ್ನಾಗಿ ಬಂದಿರೋದು. ಕೆರೆ ತಗಡನ್ನ ಇಟ್ಟುಕೊಂಡ, ಅದು ಇರಬೇಕಾದ ಜಾಗ ಬದಲಾಯಿಸಿದ. ಸಿಮೆಂಟು, ಕಂಬಿ ಯಾವುದನ್ನೂ ಅಪವಿತ್ರ ಅಂತ ದೂರ ಇಡಲಿಲ್ಲ. ಚಾವಣಿ ಹೊರುವ ಚೌಕಟ್ಟನ್ನ ಕಟ್ಟಡಕ್ಕೆ ಬಳಸೋ ಮಾಮೂಲಿ ಕಂಬಿಯಿಂದಲೇ ಮಾಡಿಸಿದ. ಆ ದಾರಿಯಲ್ಲಿ ದೊಡ್ಡ ತೊಲೆ ಸಾಗಿಸೋಕೆ, ಕ್ರೇನ್ ತರಿಸೋಕೆ ದುಡ್ಡಿರಲಿಲ್ಲ. ಅದಕ್ಕೇ ಊರಿನವರಿಗೇ ಕೈಗರಗಸದಲ್ಲಿ ಕಂಬಿ ಕತ್ತರಿಸೋದು, ಚಿಕ್ಕ ಯಂತ್ರದಲ್ಲಿ ವೆಲ್ಡಿಂಗ್ ಮಾಡೋದು ಕಲಿಸಿದರು. ನಾವು ಫೋಟೊದಲ್ಲಿ ನೋಡಿ ಮೆಚ್ಚುವ ಆ 'ತೇಲುವ' ಚಾವಣಿಯ ಹಗುರ ಹುಟ್ಟಿದ್ದು ಕ್ರೇನಿಲ್ಲದ ಬಡತನದಿಂದ. ಇದನ್ನ ಹೇಳದೆ ಅದರ ಸೌಂದರ್ಯದ ಬಗ್ಗೆ ಮಾತಾಡೋದು, ಅಮ್ಮ ಉಳಿದ ಅನ್ನಕ್ಕೆ ಹಾಕಿದ ಒಗ್ಗರಣೆಯನ್ನ ಫ್ಯೂಷನ್ ಅಂತ ಕರೆದ ಹಾಗೆ.

ಇನ್ನೊಂದು ವಿಷಯವನ್ನ ಹೊಗಳುವವರು ಬೇಗ ದಾಟಿಬಿಡ್ತಾರೆ. ಮಣ್ಣಿನಲ್ಲಿ ಕಟ್ಟೋಣ ಅಂದಾಗ ಗಾಂಡೋದ ಜನ ಒಪ್ಪಲಿಲ್ಲ. ಇದನ್ನ ಕೆರೆಯೇ ತನ್ನ ಭಾಷಣಗಳಲ್ಲಿ ಹೇಳಿಕೊಂಡಿದ್ದಾನೆ. ಮಣ್ಣಿನ ಗೋಡೆ ಒಂದು ಮಳೆಗಾಲ ತಡೆಯಲ್ಲ, ಇಷ್ಟಕ್ಕೇನಾ ಇವನು ಯುರೋಪಿಗೆ ಹೋಗಿ ಅಷ್ಟು ವರ್ಷ ಓದಿದ್ದು ಅನ್ನೋ ಧಾಟಿಯಲ್ಲಿ ಮಾತಾಡಿಕೊಂಡರಂತೆ. ನಾವು ಇಂಥ ಕಡೆ ಮುಗುಳ್ನಕ್ಕು, ಹಳ್ಳಿಯವರಿಗೆ ತಮ್ಮದರ ಬೆಲೆ ಗೊತ್ತಿಲ್ಲ ಅಂತೀವಿ. ಪ್ರತಿ ಮಳೆಗಾಲ ಮುಗಿದ ಮೇಲೆ ಗೋಡೆ ಮೆತ್ತಿ ಕೈ ಸೋತವರು ಅವರು. ಮಣ್ಣಿನ ಬಗ್ಗೆ ಅವರಿಗಿದ್ದ ಅನುಮಾನ ಅನುಭವದಿಂದ ಬಂದದ್ದು, ಮಣ್ಣಿನ ಬಗ್ಗೆ ನಮಗಿರೋ ಪ್ರೀತಿ ರೆಸಾರ್ಟಿನಿಂದ ಬಂದದ್ದು. ಕೆರೆ ಅವರಿಗೆ ಭಾಷಣ ಮಾಡಲಿಲ್ಲ. ಮಾದರಿ ಕಮಾನು ಕಟ್ಟಿ, ಅದರ ಮೇಲೆ ಹತ್ತಿ ಕುಣಿದು ತೋರಿಸಿದ. ಆಮೇಲೆ ಊರು ಕೈ ಹಾಕಿತು. ಮಕ್ಕಳು ಅಡಿಪಾಯಕ್ಕೆ ಕಲ್ಲು ತಂದರು, ಹೆಂಗಸರು ನೀರು ಹೊತ್ತರು, ನೆಲವನ್ನ ಎಲ್ಲರೂ ಸೇರಿ ಬಡಿದು ಗಟ್ಟಿ ಮಾಡಿದರು.

ಇಲ್ಲಿ ನನ್ನದೊಂದು ತಕರಾರಿದೆ. 'ಸಮುದಾಯದ ಸಹಭಾಗಿತ್ವ' ಅಂದರೆ ಎಷ್ಟೋ ಸಲ ಬಡವರ ಬಿಟ್ಟಿ ದುಡಿಮೆ ಅಂತಲೇ ಅರ್ಥ. ವರ್ಷಕ್ಕೆ ಎರಡು ಲಕ್ಷ ಫೀಸು ಕಟ್ಟೋ ಬೆಂಗಳೂರಿನ ಶಾಲೆಯ ಪೇರೆಂಟ್ಸ್ ಹತ್ತಿರ ನಾವು ಕಲ್ಲು ಹೊತ್ಕೊಂಡು ಬನ್ನಿ ಅಂತೀವಾ? ಅವರಿಗೆ ಅದು ಎಸಿ ಹಾಲಿನಲ್ಲಿ ಓರಿಯಂಟೇಷನ್ನು, ಹಳ್ಳಿಯವರಿಗೆ ಶ್ರಮದಾನ. ಗಾಂಡೋವನ್ನ ಈ ತಕ್ಕಡಿಯಲ್ಲಿಟ್ಟು ನೋಡಿದಾಗ ಅದು ಪೂರ್ತಿ ಪಾಸಾಗಲ್ಲ, ಪೂರ್ತಿ ಫೇಲೂ ಆಗಲ್ಲ. ಇಟ್ಟಿಗೆ ಒತ್ತೋದನ್ನ ಕಲಿಸೋಕೆ ಅಲ್ಲಿನ ಸರ್ಕಾರಿ ಸಂಸ್ಥೆಯೊಂದು ಬಂತು. ಹಾಗೆ ಕಲಿತ ಹುಡುಗರಿಗೆ ಆಮೇಲೆ ಬೇರೆ ಕಟ್ಟಡಗಳಲ್ಲಿ ಸಂಬಳದ ಕೆಲಸ ಸಿಕ್ಕಿತು. ಅಕ್ಕಪಕ್ಕದ ಎರಡು ಹಳ್ಳಿಗಳು ಒಟ್ಟು ಸೇರಿ ತಮ್ಮ ಶಾಲೆ ತಾವೇ ಕಟ್ಟಿಕೊಂಡವು. 2004ರಲ್ಲಿ ಗಾಂಡೋದಲ್ಲಿ ಮೇಷ್ಟ್ರುಗಳಿಗೆ ಮನೆ ಆಯ್ತು, 2008ರಲ್ಲಿ ಶಾಲೆ ವಿಸ್ತರಣೆಯಾಯ್ತು. ನೂರಿಪ್ಪತ್ತು ಮಕ್ಕಳಿದ್ದ ಶಾಲೆ ಬೆಳೆದು ಏಳುನೂರಕ್ಕೆ ಮುಟ್ಟಿತು.

ನನ್ನ ಪ್ರಕಾರ ಗಾಂಡೋ ಶಾಲೆಯ ಅಸಲಿ ಸಾಧನೆ 2001ರ ಆ ಮೂರು ಕೊಠಡಿಗಳಿಗಿಂತ 2008ರ ವಿಸ್ತರಣೆಯಲ್ಲಿದೆ. ಮೊದಲ ಕಟ್ಟಡವನ್ನ ದಾನದ ದುಡ್ಡಲ್ಲಿ ಯಾರು ಬೇಕಾದರೂ ಕಟ್ಟಿಕೊಡಬಹುದು, ನಾವೂ ಈಗ ಅದನ್ನೇ ಮಾಡೋಕೆ ಹೊರಟಿರೋದು. ಎರಡನೆಯದರ ಹೊತ್ತಿಗೆ ಇಟ್ಟಿಗೆ ಒತ್ತುವವರು, ವೆಲ್ಡಿಂಗ್ ಮಾಡುವವರು ಊರಲ್ಲೇ ಇದ್ದರು. ಒಂದು ಮೂಲೆ ಒಡೆದರೆ ಯಾರನ್ನ ಕರೀಬೇಕು ಅಂತ ಗೊತ್ತಿತ್ತು. ಇದು ಫೋಟೊದಲ್ಲಿ ಬೀಳಲ್ಲ, ಅದಕ್ಕೇ ಸ್ಲೈಡಿಗೂ ಬರಲ್ಲ. ನಮ್ಮ ಪ್ಲಾನಿನಲ್ಲಿ ಸೋಲಾರ್ ಇನ್ವರ್ಟರಿಗೆ ಎರಡು ಪುಟ ಇದೆ. ಅದರ ಬ್ಯಾಟರಿ ನಾಲ್ಕೈದು ವರ್ಷಕ್ಕೆ ಕೂತುಹೋದಾಗ ಹೊಸದಕ್ಕೆ ದುಡ್ಡು ಯಾರು ಕೊಡ್ತಾರೆ ಅನ್ನೋದಕ್ಕೆ ಒಂದು ಸಾಲೂ ಇಲ್ಲ. ಎಸ್‌ಡಿಎಂಸಿ ಅಧ್ಯಕ್ಷರು ಅದನ್ನೇ ಕೇಳಿದಾಗ ನಮ್ಮ ಮ್ಯಾನೇಜರ್ "ಒಳ್ಳೇ ಪ್ರಶ್ನೆ ಸರ್" ಅಂದು ಮುಂದಿನ ಸ್ಲೈಡಿಗೆ ಹೋದರು.

ಗಾಂಡೋದ ದೊಡ್ಡ ದೌರ್ಬಲ್ಯವನ್ನೂ ಹೇಳಿಬಿಡಬೇಕು. ಅದು ಒಬ್ಬ ಮನುಷ್ಯನ ಮೇಲೆ ನಿಂತಿದೆ. ಊರ ಮುಖ್ಯಸ್ಥನ ಮಗ, ಬರ್ಲಿನ್ನಿನಲ್ಲಿ ಓದಿದವನು, ದುಡ್ಡು ಎತ್ತಬಲ್ಲವನು, ಅಷ್ಟರ ಮೇಲೆ ಪ್ರತಿಭಾವಂತ. ಇಂಥವನೊಬ್ಬ ಎಷ್ಟು ಹಳ್ಳಿಗೆ ಸಿಗ್ತಾನೆ? ಟೆಂಡರ್ ಕರೆದು, ಕಡಿಮೆ ದರ ಬರೆದವನಿಗೆ ಕೆಲಸ ಕೊಡೋ ವ್ಯವಸ್ಥೆಯಲ್ಲಿ ಗಾಂಡೋ ಹುಟ್ಟೋಕೆ ಸಾಧ್ಯವಿಲ್ಲ. ಅದನ್ನ ಮಾದರಿ ಅಂತ ತೋರಿಸುವವರು ಈ ಮಾತನ್ನ ನುಂಗಿಕೊಳ್ತಾರೆ.

ಹಾಗಂತ ನಮಗೆ ಮಣ್ಣಿನ ಇಟ್ಟಿಗೆ ಕಲಿಸೋಕೆ ಬುರ್ಕಿನಾ ಫಾಸೋದಿಂದ ಯಾರೂ ಬರಬೇಕಾಗಿಲ್ಲ. ಇದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಅನ್ನೋ ಗ್ರಾಮೀಣ ತಂತ್ರಜ್ಞಾನ ಕೇಂದ್ರ, ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತುವ ಬ್ಲಾಕುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಹಳ್ಳಿಗೆ ಅಂತ ಹುಟ್ಟಿದ ತಂತ್ರಜ್ಞಾನ ಅದು. ಇವತ್ತು ಬೆಂಗಳೂರಲ್ಲಿ ಅದರಲ್ಲಿ ಮನೆ ಕಟ್ಟಿಸ್ತಿರೋರು ಯಾರು? ನಮ್ಮಂಥವರೇ. ಪ್ಲಾಸ್ಟರ್ ಮಾಡದ ಗೋಡೆ, ಒಂದು ಉಯ್ಯಾಲೆ, ಶನಿವಾರ ಬಂದವರೆಲ್ಲ "ಎಷ್ಟು ತಂಪಾಗಿದೆ ಅಲ್ವಾ" ಅನ್ನಬೇಕು. ಹಳ್ಳಿಯಲ್ಲಿ ಅದೇ ಮಣ್ಣಿನ ಗೋಡೆ ಸರ್ಕಾರಿ ಸರ್ವೆಯಲ್ಲಿ 'ಕಚ್ಚಾ ಮನೆ'. ಒಂದೇ ಮಣ್ಣು ಇಲ್ಲಿ ಅಂತಸ್ತು, ಅಲ್ಲಿ ಬಡತನದ ಸರ್ಟಿಫಿಕೇಟು. ಹೆಡ್ ಮೇಡಂ ಮೋಲ್ಡ್ ಕೇಳಿದರೆ ಆಶ್ಚರ್ಯ ಏನಿದೆ?

ನಮ್ಮಲ್ಲಿ ಶಾಲಾ ಕೊಠಡಿಗಳ ಬಗ್ಗೆ ರಾಜ್ಯಕ್ಕೆ ರಾಜ್ಯವೇ ಜಗಳ ಆಡಿದ್ದು 2022ರಲ್ಲಿ. 'ವಿವೇಕ' ಯೋಜನೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ಕೊಠಡಿ ಕಟ್ಟೋ ಹೊತ್ತಿಗೆ ಎದ್ದ ಪ್ರಶ್ನೆ, ಗೋಡೆಗೆ ಕೇಸರಿ ಬಣ್ಣ ಬಳೀಬೇಕಾ ಬೇಡ್ವಾ ಅನ್ನೋದು. ಟಿವಿಯಲ್ಲಿ ನಾನೂ ನೋಡ್ತಾ ಕೂತಿದ್ದೆ. ಏಪ್ರಿಲ್ ಮಧ್ಯಾಹ್ನ ಆ ಕೊಠಡಿಯೊಳಗೆ ಸೆಕೆ ಎಷ್ಟಿರುತ್ತೆ ಅಂತ ಯಾವ ಚಾನೆಲ್ಲಿನಲ್ಲೂ ಯಾರೂ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ನನಗೂ ಆಗ ಅದು ಹೊಳೆದಿರಲಿಲ್ಲ ಅನ್ನೋದು ಬೇರೆ ಮಾತು.

ಕಳೆದ ಶನಿವಾರ ಒಬ್ಬಳೇ ಮತ್ತೆ ಆ ಶಾಲೆಗೆ ಹೋದೆ. ಮಕ್ಕಳು ಹೋಗಿಯಾಗಿತ್ತು. ಮೇಡಂ ಶೆಡ್ಡಿನ ಹೊರಗೆ ಹೊಂಗೆಮರದ ಕೆಳಗೆ ಹಾಜರಿ ಪುಸ್ತಕ ಇಟ್ಕೊಂಡು ಕೂತಿದ್ದರು. "ಮೋಲ್ಡೇ ಯಾಕೆ ಬೇಕು ಮೇಡಂ? ಬೇಸಿಗೇಲಿ ಅದೂ ಕಾಯುತ್ತಲ್ಲ" ಅಂದೆ. ಅವರು ನಕ್ಕರು. "ಕಾಯುತ್ತೆ, ಸೋರುತ್ತೆ, ಎಲ್ಲಾ ಗೊತ್ತು. ಬೀಗ ಹಾಕಿರೋದೂ ಮೋಲ್ಡಿಂದೇ ಅಲ್ವಾ? ಆದ್ರೆ ಶೀಟು ಅಂದ್ರೆ ಊರವರು ಇದನ್ನ ಶಾಲೆ ಅಂತ್ಲೇ ಲೆಕ್ಕಕ್ಕೆ ತಗೊಳಲ್ಲ. ಈ ಶೆಡ್ಡಿಗೆ ಬಂದ್ಮೇಲೆ ಒಂಬತ್ತು ಮಕ್ಕಳು ಕಾನ್ವೆಂಟ್ ವ್ಯಾನ್ ಹತ್ತಿದ್ರು. ಈಗ ಇಪ್ಪತ್ತಾರೇ ಇರೋದು. ಇನ್ನೂ ಕಮ್ಮಿ ಆದ್ರೆ ಪಕ್ಕದೂರಿನ ಶಾಲೆ ಜೊತೆ ಸೇರಿಸ್ತೀವಿ ಅಂತಾರೆ. ಆಮೇಲೆ ನಿಮ್ಮ ಸೋಲಾರ್ ಯಾರಿಗೆ ಮೇಡಂ?"

ಅಂದರೆ ಆ ಹೆಂಗಸಿನ ತಲೆಯಲ್ಲಿ ಒಂದು ಸಸ್ಟೈನಬಿಲಿಟಿ ಪ್ಲಾನ್ ಆಗಲೇ ಇತ್ತು. ಅದರಲ್ಲಿ ಇದ್ದದ್ದು ಒಂದೇ ಅಂಕಿ, ಇಪ್ಪತ್ತಾರು. ಗಾಂಡೋದ ಏಳುನೂರನ್ನ ನಾನು ಅಲ್ಲಿಯವರೆಗೂ ಶಾಲೆಯ ಕೀರ್ತಿಯ ಲೆಕ್ಕದಲ್ಲಿ ಓದಿದ್ದೆ. ನೋಡಿದವರು 'ಇದು ನಮ್ಮೂರ ಶಾಲೆ' ಅಂದುಕೊಳ್ಳುವ ಹಾಗೆ ಆ ಕಟ್ಟಡ ನೆಟ್ಟಗೆ ನಿಂತಿರಬೇಕು, ಅದಕ್ಕೇ ಮಕ್ಕಳು ಬಂದರು ಅನ್ನೋ ಕಡೆ ಯೋಚನೆ ಹೋಗಿರಲಿಲ್ಲ. ತಂಪು, ಗಾಳಿ, ಮಣ್ಣು ಎಲ್ಲ ಇದ್ದೂ ಅದು ಶೆಡ್ಡಿನ ಹಾಗೆ ಕಂಡಿದ್ದರೆ?

ಫೋನಿನಲ್ಲಿ ಗಾಂಡೋದ ನಕ್ಷೆ ತೆಗೆದು ತೋರಿಸಿದೆ. ಶೀಟೂ ಇದೆ, ಅದರ ಕೆಳಗೆ ಗಟ್ಟಿ ಚಾವಣಿಯೂ ಇದೆ, ಎರಡರ ನಡುವೆ ಗಾಳಿ ಅಂತ ವಿವರಿಸಿದೆ. ಮೇಡಂ ಕನ್ನಡಕ ಸರಿ ಮಾಡ್ಕೊಂಡು, ಎರಡು ಬೆರಳಲ್ಲಿ ದೊಡ್ಡದು ಮಾಡಿ, ತುಂಬಾ ಹೊತ್ತು ನೋಡಿದರು.

"ಮುಂದುಗಡೆಯಿಂದ ನೋಡಿದ್ರೆ ಚೆನ್ನಾಗೇ ಕಾಣುತ್ತೆ" ಅಂದರು. ಆಮೇಲೆ, "ಅಲ್ಲ, ಈ ಸಂದೀಲಿ ಪಾರಿವಾಳ ಕೂರಲ್ವಾ?"

ಅದನ್ನ ಬರ್ಕೊಂಡು ಬಂದಿದ್ದೀನಿ. ಗುರುವಾರ ಸಮಿತಿ ಮೀಟಿಂಗ್ ಇದೆ, ಅಲ್ಲಿ ಮೊದಲು ಕೇಳಬೇಕಾಗಿರೋದು ಅದೇ. ಎರಡನೆಯದು ಬ್ಯಾಟರಿ.