ನುಗ್ಗೇಹಳ್ಳಿಯ ಶಿಲ್ಪದ್ವಯ

ಹಾಸನ ಸೀಮೆಯ ಹೊಯ್ಸಳ ವೈಭವವನ್ನು ಕಾಣಬಯಸುವ ಯಾತ್ರಿಕರು ಬೇಲೂರು ಹಳೇಬೀಡುಗಳತ್ತ ಧಾವಿಸುವರು. 2023ರಲ್ಲಿ ಯುನೆಸ್ಕೋ ಸಂಸ್ಥೆಯು ಆ ದೇವಾಲಯಗಳನ್ನು ಸೋಮನಾಥಪುರದೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಅದು ಸಹಜವೂ ಹೌದು. ಆದರೆ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ, ಬೊಮ್ಮಣ್ಣ ದಂಡನಾಯಕನು 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹನ ತ್ರಿಕೂಟಾಲಯವನ್ನು ಸಾವಧಾನವಾಗಿ ಸುತ್ತಿ ಬರುವವನಿಗೆ ಲಭಿಸುವ ಆನಂದವು ಅಷ್ಟೇ ಗಹನವೆಂದು ನನ್ನ ದೃಢವಾದ ನಂಬಿಕೆ.

ಇಲ್ಲಿ ದಕ್ಷಿಣದ ಭಿತ್ತಿಯ ಮೂರ್ತಿಗಳು ಬೈಚೋಜನವು, ಉತ್ತರದವು ಮಲ್ಲಿತಮ್ಮನವು. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೊಡ್ಡಿದಂತೆಲ್ಲ ಗಡುಸಾಗುವ ಬಳಪದ ಕಲ್ಲಿನ ಗುಣವನ್ನರಿತ ಈ ಈರ್ವರೂ, ಒಂದೇ ಶಿಲೆಯಲ್ಲಿ, ಒಂದೇ ಸಂಪ್ರದಾಯದ ಅಂಕೆಯೊಳಗೆ, ತಂತಮ್ಮ ಮನೋಧರ್ಮವನ್ನು ಎಷ್ಟು ನಿಚ್ಚಳವಾಗಿ ಉಳಿಸಿಕೊಂಡಿರುವರು! ಬೈಚೋಜನ ಮೂರ್ತಿಗಳಲ್ಲಿ ಗಾಂಭೀರ್ಯವೂ ನಯವೂ ಸಮತೂಕದ ನಿಲವೂ ಮೇಳೈಸಿದ್ದರೆ, ಮುಂದೆ ಸೋಮನಾಥಪುರದಲ್ಲಿಯೂ ಉಳಿಯಾಡಿಸಿದ ಮಲ್ಲಿತಮ್ಮನ ಕೆಲಸದಲ್ಲಿ ನುಣುಪು ಕೊಂಚ ಕಡಿಮೆ, ಚೈತನ್ಯ ಹೆಚ್ಚು. ಎರಡರಲ್ಲೊಂದನ್ನು ಆಯ್ದುಕೊಳ್ಳಲೇಬೇಕೆಂದರೆ ನಾನು ಉತ್ತರದ ಕಡೆಗೇ ಹೋಗಿ ನಿಲ್ಲುವೆನು. ಅಲ್ಲಿಯ ಕಲ್ಲಿನಲ್ಲಿ ಶಿಲ್ಪಿಯ ಕೈಯ ಉತ್ಸಾಹ ಇನ್ನೂ ಆರಿಲ್ಲ.

ಅದೇ ಊರಿನಲ್ಲಿ, ಅದೇ ದಂಡನಾಯಕನು ಮೂರು ವರ್ಷಗಳ ತರುವಾಯ ಕಟ್ಟಿಸಿದ ಸದಾಶಿವ ದೇವಾಲಯವೊಂದುಂಟು. ಮೂರ್ತಿಗಳ ಸಂದಣಿಯ ರುಚಿ ಕಂಡವರು ಈ ಬರಿಗೋಡೆಗಳೆದುರು ಮೊದಲು ನಿರಾಶರಾಗುವುದುಂಟು. ಆದರೆ ಬುಡದಿಂದೆದ್ದ ಕೋನಗಳು ಭಿತ್ತಿಯನ್ನು ದಾಟಿ ನಾಗರ ಶೈಲಿಯ ಶಿಖರದವರೆಗೆ ಏರಿಹೋಗುವ ರೇಖೆಗಳನ್ನು ಕಣ್ಣು ಒಮ್ಮೆ ಹಿಂಬಾಲಿಸಿತೆಂದರೆ, ಅಲಂಕಾರವನ್ನು ತ್ಯಜಿಸಿಯೂ ಕಟ್ಟಡವೊಂದು ಸುಂದರವಾಗಬಲ್ಲುದೆಂಬುದು, ಹೊಯ್ಸಳರ ನಾಡಿನಲ್ಲಿಯೇ, ಸ್ಪಷ್ಟವಾಗಿ ಕಾಣುವುದು. ನುಗ್ಗೇಹಳ್ಳಿಗೆ ಹೋದವರು ಲಕ್ಷ್ಮೀನರಸಿಂಹನ ಗುಡಿಯಿಂದಲೇ ಹಿಂದಿರುಗದೆ, ಸದಾಶಿವನ ಶಿಖರವನ್ನೂ ಬೆಳಕಿರುವಾಗಲೇ ನೋಡತಕ್ಕದ್ದು.