ಉಕ್ಕಿಗಿಂತ ಗಟ್ಟಿ, ಯಾವ ಲೆಕ್ಕದಲ್ಲಿ?

ಜೇಡರ ನೂಲು ಉಕ್ಕಿಗಿಂತ ಐದು ಪಟ್ಟು ಗಟ್ಟಿ ಎಂಬ ಮಾತನ್ನು ಕೇಳದವರಿಲ್ಲ. ಯಾವ ಉಕ್ಕು ಎಂದು ಮಾತ್ರ ಯಾರೂ ಹೇಳುವುದಿಲ್ಲ. ಬಲೆಯನ್ನು ಹೊತ್ತು ನಿಲ್ಲುವ ಎಳೆ ಸುಮಾರು 1.1 ಗಿಗಾಪ್ಯಾಸ್ಕಲ್ ಎಳೆತ ತಾಳುತ್ತದೆ. ಒಳ್ಳೆಯ ಉಕ್ಕಿನ ತಂತಿ 1.5 ದಾಟುತ್ತದೆ. ತೂಕಕ್ಕೆ ತೂಕ ಇಟ್ಟು ನೋಡಿದಾಗಷ್ಟೇ ಜೇಡ ಗೆಲ್ಲುವುದು, ಏಕೆಂದರೆ ಉಕ್ಕಿನ ಸಾಂದ್ರತೆ ಆ ನೂಲಿನ ಆರು ಪಟ್ಟು. ನೂಲಿನ ನಿಜವಾದ ಹೆಚ್ಚುಗಾರಿಕೆ ಇರುವುದು ಹಿಗ್ಗುವುದರಲ್ಲಿ: ಹಾರಿ ಬಂದು ಬಡಿದ ಕೀಟದ ರಭಸವನ್ನು ಹೀರಿಕೊಂಡೂ ಅದು ತುಂಡಾಗುವುದಿಲ್ಲ.

ಇಂಥ ಹೋಲಿಕೆಗಳಿಗೆ ಶಿಸ್ತು ತಂದವರಲ್ಲಿ ವಸ್ತುವಿಜ್ಞಾನಿ ಮೈಕೆಲ್ ಆಶ್ಬಿ ಮುಖ್ಯರು. ಉಲ್ರಿಕೆ ವೆಗ್‌ಸ್ಟ್ ಜೊತೆ 2004ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಮರ, ಮೂಳೆ, ಚಿಪ್ಪು, ರೇಷ್ಮೆಗಳನ್ನು ಬಿಗಿತ, ಸಾಂದ್ರತೆಯಂಥ ಎರಡೆರಡು ಗುಣಗಳನ್ನು ಅಕ್ಷಗಳಾಗಿಸಿದ ನಕ್ಷೆಗಳ ಮೇಲೆ ಕೂರಿಸುತ್ತದೆ. ವಸ್ತು ಮಾಡಬೇಕಾದ ಕೆಲಸ ಯಾವುದು ಎಂದು ಮೊದಲು ಕೇಳುವುದೇ ಈ ವಿಧಾನದ ಹಿರಿಮೆ. ಮರದ ಬಿಗಿತ ನಾರಿನ ಉದ್ದಕ್ಕೆ ಸುಮಾರು 10 ಗಿಗಾಪ್ಯಾಸ್ಕಲ್, ಸಾಂದ್ರತೆ ಘನ ಸೆಂಟಿಮೀಟರಿಗೆ 0.5 ಗ್ರಾಂ, ಉಕ್ಕಿಗೆ ಇವು 200 ಮತ್ತು 7.8. ಬರೀ ಎಳೆತವಾದರೆ ಬಿಗಿತವನ್ನು ಸಾಂದ್ರತೆಯಿಂದ ಭಾಗಿಸಬೇಕು: ಮರಕ್ಕೆ 20, ಉಕ್ಕಿಗೆ 26ರ ಹತ್ತಿರ. ಉಕ್ಕೇ ಮುಂದೆ. ಬಾಗುವ ತೊಲೆಯಾದರೆ ಬಿಗಿತದ ವರ್ಗಮೂಲ ಹಿಡಿದು ಭಾಗಿಸಬೇಕು. ಆಗ ಮರಕ್ಕೆ 6.3, ಉಕ್ಕಿಗೆ ಬರೀ 1.8! ಅಂಕಿಗಳು ಅವೇ, ಪ್ರಶ್ನೆ ಬದಲಾದದ್ದಕ್ಕೆ ತೀರ್ಪು ತಿರುಗಿತು. ಗಾಳಿಗೆ ಬಾಗುತ್ತಲೇ ಬದುಕುವ ಮರ ಈ ಎರಡನೆಯ ಪರೀಕ್ಷೆಯಲ್ಲಿ ಗೆದ್ದದ್ದರಲ್ಲಿ ಅಚ್ಚರಿಯೇನಿಲ್ಲ. ಆದರೆ ತೊಲೆಯನ್ನು ದಪ್ಪಗೆ ಮಾಡಲು ಜಾಗವಿರಬೇಕು ಎಂಬ ಷರತ್ತನ್ನು ಮರೆಯುವಂತಿಲ್ಲ.

ನನ್ನ ತಕರಾರು ನಕ್ಷೆಯನ್ನು ಓದುವ ರೀತಿಯ ಬಗ್ಗೆ. ಅದರ ಅಕ್ಷಗಳು ಲಾಗರಿದಮ್ ಮಾನದವು; ಎರಡು ಮೂರು ಪಟ್ಟು ವ್ಯತ್ಯಾಸ ಅಲ್ಲಿ ಬೆರಳಗಲವೂ ಕಾಣುವುದಿಲ್ಲ. ಒಂದೇ ಮರದ ಎರಡು ಹಲಗೆಗಳು ಗಂಟು, ತೇವದ ದೆಸೆಯಿಂದ ಎಷ್ಟು ಬೇರೆಯಾಗುತ್ತವೆ ಎಂಬುದು ಬಡಗಿಗೆ ಗೊತ್ತು, ನಕ್ಷೆ ನೋಡಿದವನಿಗೆ ತಿಳಿಯದು. ಮೂಳೆ ತನ್ನ ಸೀಳನ್ನು ತಾನೇ ಬೆಸೆಯುತ್ತದೆ. ಅದಕ್ಕೂ ಎರಡು ಅಕ್ಷಗಳ ನಡುವೆ ಜಾಗವಿಲ್ಲ.

ಬಿದಿರನ್ನು ‘ಹಸಿರು ಉಕ್ಕು’ ಎಂದು ಕರೆದು ಕಾಂಕ್ರೀಟಿನೊಳಗೆ ಕಂಬಿಯ ಬದಲು ಹಾಕಿ ಎನ್ನುವ ಸಲಹೆ ಈ ಅರೆ ಓದಿನದೇ ಫಲ. ಬಿದಿರಿನ ಬಿಗಿತ ಉಕ್ಕಿನ ಹತ್ತನೇ ಒಂದರಷ್ಟು. ಹಸಿ ಕಾಂಕ್ರೀಟಿನ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಹಿಡಿತ ಬಿಡುತ್ತದೆ. ಗಳುವಾಗಿ, ಏಣಿಯಾಗಿ, ಚಾವಣಿಯ ಆಸರೆಯಾಗಿ ಅದು ಉಕ್ಕನ್ನು ನಾಚಿಸಬಲ್ಲದು, ಕಾಂಕ್ರೀಟಿನ ಒಳಗಲ್ಲ.