ಡಿಸ್ಕ್ ಪಂಕ್ತಿಗಳೂ ಕಡತ ವ್ಯವಸ್ಥೆಯ ಆಯ್ಕೆಗಳೂ: ಒಂದು ವಿಮರ್ಶೆ

ಲಿನಕ್ಸ್ ಗಣಕಗಳಲ್ಲಿ ಡಿಸ್ಕ್ ಪಂಕ್ತಿಯನ್ನು ಸ್ಥಾಪಿಸಹೊರಟವರ ಕೈಗೆ ಮೊದಲು ದೊರೆಯುವುದು ಒಂದು ಸಿದ್ಧಸೂತ್ರ. ಕಡತ ವ್ಯವಸ್ಥೆಯನ್ನು ನಿರ್ಮಿಸುವಾಗ ಇಂತಿಂಥ ಆಯ್ಕೆಗಳನ್ನು ಕೊಡಬೇಕು, ಅದನ್ನು ಬಳಕೆಗೆ ಜೋಡಿಸುವಾಗ, ಎಂದರೆ ಮೌಂಟ್ ಮಾಡುವಾಗ, ಇಂತಿಂಥವನ್ನು ಸೇರಿಸಬೇಕು, ಆಗ ವೇಗ ಹೆಚ್ಚುವುದು ಎಂಬುದು ಅದರ ಸಾರ. ಈ ಸೂತ್ರಗಳನ್ನು ಕೈಯಿಂದ ಕೈಗೆ ದಾಟಿಸುವವರು ಬಹುಮಂದಿ, ಪರೀಕ್ಷಿಸುವವರು ವಿರಳ. ಆದುದರಿಂದ ಅವುಗಳನ್ನು ಇಲ್ಲಿ ಒರೆಗೆ ಹಚ್ಚಿ ನೋಡಬಯಸುತ್ತೇವೆ. ನಮ್ಮ ಮುಖ್ಯವಾದ ಆಕ್ಷೇಪ ಒಂದೇ: ಸ್ವಭಾವದಲ್ಲಿ ಬೇರೆಬೇರೆಯಾದ ಮೂರು ಬಗೆಯ ಆಯ್ಕೆಗಳನ್ನು ಈ ಸೂತ್ರಗಳು ಒಂದೇ ದಾರದಲ್ಲಿ ಪೋಣಿಸುತ್ತವೆ. ಕೆಲವು ಆಯ್ಕೆಗಳು ವಸ್ತುಸ್ಥಿತಿಯನ್ನು ತಿಳಿಸುತ್ತವೆ; ಕೆಲವು ಒಂದು ಸಣ್ಣ ಸೇವೆಯನ್ನು ಬಿಟ್ಟುಕೊಡುತ್ತವೆ; ಇನ್ನು ಕೆಲವು ಕೊಟ್ಟ ಮಾತನ್ನೇ ಹಿಂದಕ್ಕೆ ಪಡೆಯುತ್ತವೆ.

ಮೊದಲನೆಯ ಬಗೆಯನ್ನು ನೋಡೋಣ. ಬರ್ಕ್ಲಿಯ ಪ್ಯಾಟರ್‌ಸನ್, ಗಿಬ್ಸನ್ ಮತ್ತು ಕಾಟ್ಜ್ ಅವರು 1988ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ರೇಡ್ ಎಂಬ ಡಿಸ್ಕ್ ಪಂಕ್ತಿಗಳನ್ನು ಐದು ಮಟ್ಟಗಳಾಗಿ ವಿಂಗಡಿಸಿದರು. ಐದನೆಯ ಮಟ್ಟದಲ್ಲಿ ದತ್ತಾಂಶವು ಪಟ್ಟೆಪಟ್ಟೆಯಾಗಿ ಎಲ್ಲ ಡಿಸ್ಕ್‌ಗಳ ಮೇಲೂ ಹರಡಿರುತ್ತದೆ; ಪ್ರತಿ ಪಟ್ಟೆಗೂ ಒಂದು ಪ್ಯಾರಿಟಿ ಭಾಗವಿದ್ದು, ಯಾವುದಾದರೂ ಒಂದು ಡಿಸ್ಕ್ ಕೆಟ್ಟರೆ ಕಳೆದುಹೋದುದನ್ನು ಅದರಿಂದ ಮರಳಿ ಗಣಿಸಬಹುದು. ಈ ರಕ್ಷಣೆಗೆ ಬೆಲೆಯೂ ಉಂಟು. ಸಣ್ಣದೊಂದು ತುಣುಕನ್ನು ಬದಲಿಸಬೇಕಾದರೆ ಹಳೆಯ ದತ್ತಾಂಶವನ್ನೂ ಹಳೆಯ ಪ್ಯಾರಿಟಿಯನ್ನೂ ಓದಿ, ಹೊಸವೆರಡನ್ನೂ ಬರೆಯಬೇಕು: ಒಂದು ಬರೆಹಕ್ಕೆ ನಾಲ್ಕು ಕ್ರಿಯೆಗಳು. ಇಡೀ ಪಟ್ಟೆಯನ್ನು ಒಮ್ಮೆಗೇ ಬರೆದರೆ ಮಾತ್ರ ಓದುವ ಶ್ರಮ ತಪ್ಪುತ್ತದೆ. ಹಾಗೆ ಬರೆಯಬೇಕಾದರೆ ಪಟ್ಟೆಯ ಅಳತೆ ಕಡತ ವ್ಯವಸ್ಥೆಗೆ ತಿಳಿದಿರಬೇಕು. ನಿರ್ಮಾಣಕಾಲದ ಆಯ್ಕೆಗಳ ಪ್ರಯೋಜನ ಇದೇ.

ಒಂಬತ್ತು ಡಿಸ್ಕ್‌ಗಳ ಐದನೆಯ ಮಟ್ಟದ ಪಂಕ್ತಿಯೊಂದರಲ್ಲಿ ಪ್ರತಿ ಡಿಸ್ಕ್‌ನ ತುಣುಕು 64 ಕಿಲೋಬೈಟ್ ಎಂದಿಟ್ಟುಕೊಳ್ಳೋಣ. ಪಟ್ಟೆಯೊಂದರಲ್ಲಿ ದತ್ತಾಂಶ ಹೊರುವವು ಎಂಟು. ಪೂರ್ಣಪಟ್ಟೆ 512 ಕಿಲೋಬೈಟ್. ಎಕ್ಸ್‌ಎಫ್‌ಎಸ್ ವ್ಯವಸ್ಥೆಯ ನಿರ್ಮಾಣದಲ್ಲಿ ಇದನ್ನು ‘ಎಸ್‌ಯು’ 64 ಕಿಲೋಬೈಟ್, ‘ಎಸ್‌ಡಬ್ಲ್ಯು’ 8 ಎಂದು ಹೇಳಬಹುದು. ‘ಎಸ್‌ಯುನಿಟ್’, ‘ಎಸ್‌ವಿಡ್ತ್’ ಎಂಬ ಹೆಸರುಗಳಿಂದ ಹೇಳುವುದಾದರೆ ಲೆಕ್ಕ 512 ಬೈಟ್‌ಗಳ ಮಾನದಲ್ಲಿ; ಆಗ ಅವು 128 ಮತ್ತು 1024. ಇಎಕ್ಸ್‌ಟಿ4 ವ್ಯವಸ್ಥೆಯಲ್ಲಿ, 4 ಕಿಲೋಬೈಟ್‌ನ ಬ್ಲಾಕ್‌ಗಳಿದ್ದರೆ, ‘ಸ್ಟ್ರೈಡ್’ 16, ‘ಸ್ಟ್ರೈಪ್ ವಿಡ್ತ್’ 128. ಸತ್ಯ ಒಂದೇ, ನುಡಿ ಮೂರು. ಸೂತ್ರವನ್ನು ನಕಲು ಮಾಡುವವನು ಎಡವುವುದು ಇಲ್ಲಿಯೇ: ಪ್ಯಾರಿಟಿಯನ್ನು ಕಳೆಯದೆ 9 ಎಂದು ಬರೆದರೆ, ವ್ಯವಸ್ಥೆಯು ಇಲ್ಲದ ಪಟ್ಟೆಗೆ ಬರೆಹವನ್ನು ಹೊಂದಿಸಲು ಹೆಣಗುತ್ತದೆ. ತಪ್ಪು ವಿವರಣೆಗಿಂತ ಮೌನವೇ ಲೇಸು. ಲಿನಕ್ಸಿನ ತಂತ್ರಾಂಶ ಪಂಕ್ತಿಯಾದರೆ ನಿರ್ಮಾಣದ ಆದೇಶವು ಈ ಅಳತೆಗಳನ್ನು ತಾನೇ ಕೇಳಿ ತಿಳಿಯುತ್ತದೆ; ಯಂತ್ರಾಂಶ ನಿಯಂತ್ರಕವು ಅವನ್ನು ಮರೆಮಾಡಿದಾಗ ಮಾತ್ರ ನಾವು ಹೇಳಿಕೊಡಬೇಕಾಗುತ್ತದೆ. ಪಂಕ್ತಿ ಬೆಳೆದರೆ ಅಳತೆಗಳನ್ನು ಮುಂದೆ ತಿದ್ದಲು ಸಾಧ್ಯವುಂಟಾದರೂ, ಆಗಲೇ ನೆಲೆಗೊಂಡ ರಚನೆಗಳು ಅದರಿಂದ ಸ್ಥಳಾಂತರ ಹೊಂದವು.

ಎರಡನೆಯ ಬಗೆಗೆ ಉದಾಹರಣೆ ‘ನೋಎಟೈಮ್’. ಕಡತವನ್ನು ಓದಿದಾಗಲೆಲ್ಲ ಓದಿದ ವೇಳೆಯನ್ನು ದಾಖಲಿಸುವ ಕ್ರಮವನ್ನು ಈ ಮೌಂಟ್ ಆಯ್ಕೆ ನಿಲ್ಲಿಸುತ್ತದೆ. ಓದುವಿಕೆಯೊಂದು ಬರೆಹವನ್ನು ಹುಟ್ಟಿಸುವ ಹಿಂದಿನ ಸ್ಥಿತಿಯಲ್ಲಿ ಈ ಸಲಹೆ ಯೋಗ್ಯವೇ ಆಗಿತ್ತು. ಆದರೆ 2009ರಲ್ಲಿ ಬಂದ ಕರ್ನೆಲ್ 2.6.30ರಿಂದ ‘ರಿಲೇಟೈಮ್’ ಎಂಬುದೇ ಸಹಜಸ್ಥಿತಿಯಾಗಿದೆ. ದಾಖಲೆಯಲ್ಲಿರುವ ಓದಿನ ವೇಳೆಯು ಕಡತದ ಕೊನೆಯ ಮಾರ್ಪಾಟಿಗಿಂತ ಹಿಂದಿನದಾಗಿದ್ದರೆ, ಇಲ್ಲವೆ ಒಂದು ದಿನಕ್ಕಿಂತ ಹಳೆಯದಾಗಿದ್ದರೆ ಮಾತ್ರ ಅದನ್ನು ಈಗ ನವೀಕರಿಸಲಾಗುತ್ತದೆ. ಲಾಭದ ಬಹುಭಾಗ ಕೇಳದೆಯೇ ದೊರೆತಿರುವಾಗ, ಸೂತ್ರಗಳು ಹಳೆಯ ಸಲಹೆಯನ್ನೇ ದೊಡ್ಡ ಉಪಕಾರವೆಂಬಂತೆ ಹೇಳುತ್ತಿವೆ. ಅದರ ಜೊತೆಗೆ ‘ನೋಡೈರೆಟೈಮ್’ ಅನ್ನು ಸೇರಿಸುವವರೂ ಉಂಟು. ಮೊದಲನೆಯದರಲ್ಲಿಯೇ ಎರಡನೆಯದು ಅಡಗಿದೆಯೆಂದು ಅವರು ಅರಿಯರು. ಇಂಥ ಪುನರುಕ್ತಿ ಹಾನಿಕರವಲ್ಲ. ಸೂತ್ರಕಾರನು ಅರ್ಥವನ್ನು ವಿಚಾರಿಸಿಲ್ಲವೆಂಬುದಕ್ಕೆ ಸಾಕ್ಷಿ ಮಾತ್ರ.

ಮೂರನೆಯ ಬಗೆ ಗಂಭೀರವಾದುದು. ಡಿಸ್ಕ್‌ಗಳು ತಮ್ಮ ತಾತ್ಕಾಲಿಕ ಸ್ಮೃತಿಯಲ್ಲಿ ಬರೆಹಗಳನ್ನು ಹಿಡಿದಿಟ್ಟು, ಅನುಕೂಲವಾದ ಕ್ರಮದಲ್ಲಿ ತಟ್ಟೆಗೆ ಇಳಿಸುತ್ತವೆ. ಕಡತ ವ್ಯವಸ್ಥೆಯ ದಿನಚರಿಯಾದ ಜರ್ನಲ್‌ಗಾದರೋ ಕ್ರಮವೇ ಪ್ರಾಣ; ಮೊದಲಿನದು ನೆಲೆ ಸೇರಿದ ಬಳಿಕವೇ ಮುಂದಿನದು ಸೇರಬೇಕು. ಆ ಕ್ರಮವನ್ನು ಕಾಯುವ ತಡೆಯೇ ‘ಬ್ಯಾರಿಯರ್’. ‘ನೋಬ್ಯಾರಿಯರ್’ ಎಂದರೆ ಕಾವಲುಗಾರನನ್ನು ಮನೆಗೆ ಕಳುಹಿಸಿದಂತೆ. ನಿಯಂತ್ರಕದ ಸ್ಮೃತಿಗೆ ಬ್ಯಾಟರಿಯ ಆಸರೆಯಿದ್ದು, ಡಿಸ್ಕ್‌ಗಳ ಸ್ವಂತ ಸ್ಮೃತಿಯನ್ನು ಸ್ಥಗಿತಗೊಳಿಸಿದ್ದರೆ ಇದರಿಂದ ಹಾನಿಯಿಲ್ಲ. ಈ ಎರಡು ನಿಬಂಧನೆಗಳು ಸೂತ್ರವು ಕೈಬದಲಾಗುವಾಗ ಮೊದಲು ಉದುರಿಹೋಗುತ್ತವೆ, ಉಳಿಯುವುದು ಆಯ್ಕೆಯೊಂದೇ. ಎಕ್ಸ್‌ಎಫ್‌ಎಸ್‌ನ ನಿರ್ಮಾಪಕರು 2018ರ ಕರ್ನೆಲ್ 4.19ರಲ್ಲಿ ಈ ಆಯ್ಕೆಯನ್ನೇ ತೆಗೆದುಹಾಕಿದರು. ತನ್ನ ಸ್ಮೃತಿ ಅಸ್ಥಿರವಲ್ಲವೆಂದು ಸಾಧನವು ಘೋಷಿಸಿದರೆ ಕರ್ನೆಲ್ ತಾನಾಗಿಯೇ ಆ ಶ್ರಮವನ್ನು ಬಿಡುತ್ತದೆಯಾದುದರಿಂದ, ಇದು ವಿವೇಕದ ನಡೆಯೆಂದೇ ನಮ್ಮ ಅಭಿಪ್ರಾಯ.

ಹಾಗಾದರೆ ಸೂತ್ರಗಳೆಲ್ಲವೂ ತ್ಯಾಜ್ಯವೆ? ಅಲ್ಲ. ಪ್ರತಿ ಆಯ್ಕೆಯ ಮುಂದೆಯೂ ಅದು ಯಾವ ಬಗೆಯದು, ಯಾವ ಕರ್ನೆಲ್‌ಗೆ ಹೇಳಿದ್ದು, ಯಾವ ನಿಬಂಧನೆಗೆ ಒಳಪಟ್ಟದ್ದು ಎಂಬುದನ್ನು ಬರೆದಿದ್ದರೆ ಅದು ಶಾಸ್ತ್ರ, ಇಲ್ಲವಾದರೆ ಮಂತ್ರ. ವಿದ್ಯಾರ್ಥಿಗಳು ಸಹಜಸ್ಥಿತಿಯಿಂದ ಆರಂಭಿಸಿ, ತಮ್ಮದೇ ಕೆಲಸದ ಹೊರೆಯನ್ನು ಹೊರಿಸಿ ಅಳೆದು, ಒಮ್ಮೆಗೆ ಒಂದೇ ಆಯ್ಕೆಯನ್ನು ಬದಲಿಸಿ ಮತ್ತೆ ಅಳೆಯಲಿ. ವೇಗದ ನಷ್ಟವನ್ನು ಅಳೆದು ತೋರಿಸಬಹುದು. ಮಾತು ತಪ್ಪಿದ ನಷ್ಟವು ವಿದ್ಯುತ್ತು ಹೋದ ದಿನದವರೆಗೂ ಯಾವ ಅಳತೆಗೂ ಸಿಕ್ಕದು; ಆ ದಿನ ಅಳೆಯಲು ದತ್ತಾಂಶವೇ ಉಳಿದಿರದು.